ಅಳಿಯನ ಪಾಮು, ನನ್ನ ಈಚಲು

"ಮಾಮ, ಗೋಟಡಿಕೆನ ಬಿತ್ತೋ ಮುಂಚೆ ನೀರಲ್ಲಿ ಎಷ್ಟು ದಿನ ನೆನೆ ಹಾಕ್ತೀಯ?"

2021ರ ಮಾರ್ಚ್ ಕೊನೆಯ ಒಂದು ಭಾನುವಾರದ ಬೆಳಿಗ್ಗೆ. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿತ್ತು. ಫೋನಿನಲ್ಲಿ ನಮ್ಮಕ್ಕನ ಮಗ. ಅವನಿರುವುದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿ. ಅಲ್ಲಿ ಆಗಿನ್ನೂ ಶನಿವಾರ ರಾತ್ರಿ. ಕಂಪ್ಯೂಟರ್ ಕೆಲಸದ ಹುಡುಗ. ಊರಲ್ಲಿದ್ದಾಗ ತೋಟದ ಕಡೆ ತಲೆ ಹಾಕಿ ಮಲಗಿದವನಲ್ಲ. ಅವನ ಬಾಯಲ್ಲಿ ಗೋಟು, ಅಂದರೆ ಹಣ್ಣಡಿಕೆ, ಅನ್ನೋ ಮಾತು ಕೇಳಿ ನನಗೆ ಉಪ್ಪಿಟ್ಟು ನೆತ್ತಿಗೆ ಹತ್ತಿತು.

"ನೆನೆ ಹಾಕೋದಿಲ್ಲ ಕಣೋ. ಡ್ರಮ್ಮಿಗೆ ಹಾಕಿ ನೋಡ್ತೀವಿ ಅಷ್ಟೆ. ಯಾಕೆ?"

"ಮನೆ ಮುಂದೆ ಪಾಮ್ ಬೆಳೆಸ್ತೀನಿ. ಬೀಜದಿಂದ."

ಹೊಳಲ್ಕೆರೆ ತಾಲ್ಲೂಕಿನಲ್ಲಿ ನಮಗೆ ಎರಡೆಕರೆ ಅಡಿಕೆ ತೋಟವಿದೆ. ಮನೆ ಇರುವುದು ದುರ್ಗದಲ್ಲಿ. ಸಸಿ ಮಾಡುವ ಕೆಲಸ ನಾನು ಅಜ್ಜನಿಂದ ಕಲಿತಿದ್ದು. ಒಳ್ಳೆ ತಾಯಿಮರ ನೋಡಿ, ಪೂರ್ತಿ ಹಣ್ಣಾದ ಗೊನೆ ಇಳಿಸಿ, ಬಿಡಿಸಿದ ಗೋಟನ್ನು ನೀರು ತುಂಬಿದ ಡ್ರಮ್ಮಿಗೆ ಸುರಿಯುತ್ತೇವೆ. ಕೆಲವು ಅಡ್ಡಡ್ಡ ಮಲಗಿ ತೇಲುತ್ತವೆ. ಕೆಲವು ತೊಟ್ಟು ಮೇಲೆ ಮಾಡಿಕೊಂಡು ನೆಟ್ಟಗೆ ನಿಂತು ತೇಲುತ್ತವೆ. ನೆಟ್ಟಗೆ ನಿಂತವು ಬೀಜಕ್ಕೆ, ಮಲಗಿದವು ಸುಲಿಯೋಕೆ. ಅಜ್ಜ ಇದನ್ನು ಯಾವ ಪುಸ್ತಕ ಓದಿ ಕಲಿತಿದ್ದಲ್ಲ. ಆಮೇಲೆ ಒಂದು ಸಲ ಕೃಷಿ ಇಲಾಖೆಯವರ ತರಬೇತಿಗೆ ಹೋದಾಗ ಅವರೂ ಇದನ್ನೇ ಹೇಳಿದರು, ನನಗೆ ಒಳಗೊಳಗೇ ಖುಷಿ. ಮರಳು ಮಡಿಯಲ್ಲಿ ತೊಟ್ಟು ಮೇಲೆ ಬರುವ ಹಾಗೆ ಊರಿ, ತೆಳ್ಳಗೆ ಮರಳು ಮುಚ್ಚಿ, ನೆರಳು ಮಾಡಿ ನೀರು ಕೊಟ್ಟರೆ 40-45 ದಿನಕ್ಕೆ ಮೊಳಕೆ ಕಾಣಿಸತೊಡಗುತ್ತದೆ.

ಅಳಿಯನ ಬೀಜಗಳ ಲೆಕ್ಕವೇ ಬೇರೆಯಾಗಿತ್ತು. ಅವನ ಲೋಟದಲ್ಲಿ ಮುಳುಗಿದ್ದು ಒಳ್ಳೆಯದು, ತೇಲಿದ್ದು ಜೊಳ್ಳು. ಯೋಚಿಸಿದರೆ ಸರಿಯೇ. ಅಡಿಕೆ ತೇಲುವುದು ನಾರಿನ ಸಿಪ್ಪೆಯೊಳಗೆ ಗಾಳಿ ಇರುವುದಕ್ಕೆ. ಅವನದು ಸಿಪ್ಪೆ, ತಿರುಳು ಎಲ್ಲ ತೆಗೆದ ಬರೀ ಬೀಜ.

ಆಲ್ಬುಕರ್ಕಿ ಅಂದರೆ ಏನು ಅಂತ ನನಗೆ ಗೊತ್ತಿದ್ದುದು ಅಕ್ಕನ ಮಾತಿನಿಂದ. ಅವಳು 2019ರಲ್ಲಿ ಹೋಗಿ ಮೂರು ತಿಂಗಳಿದ್ದು ಬಂದಿದ್ದಳು. "ನಮ್ಮ ಚಳ್ಳಕೆರೆ ಕಡೆ ಇದ್ದಂಗೇ ಇದೆ ಕಣೋ, ಕಲ್ಲು, ಕುರುಚಲು, ಬಿಸಿಲು. ಮನೆಗಳೂ ನಮ್ಮ ಮಾಳಿಗೆ ಮನೆಗಳೇ" ಅಂದಿದ್ದಳು. ನಾನು ನಂಬಿರಲಿಲ್ಲ. ಫೋಟೋ ನೋಡಿದೆ. ಮಣ್ಣಿನ ಇಟ್ಟಿಗೆ, ಮಣ್ಣಿನ ಗಿಲಾವು, ಚಪ್ಪಟೆ ಮಾಳಿಗೆ, ಗೋಡೆಯಿಂದ ಆಚೆ ಚಾಚಿದ ತೊಲೆಗಳು. ನಮ್ಮ ಮೊಳಕಾಲ್ಮುರು ಕಡೆಯ ಯಾವುದೋ ಊರಿನ ಫೋಟೋಕ್ಕೆ ಕಾರು ಅಂಟಿಸಿದಂತಿತ್ತು.

ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ನಮ್ಮ ದುರ್ಗ ಸಮುದ್ರಮಟ್ಟದಿಂದ 730 ಮೀಟರ್ ಆಸುಪಾಸು. ಅವನೂರು 1,600 ಮೀಟರ್. ನಮ್ಮ ಚಳ್ಳಕೆರೆ ಬರದ ಸೀಮೆ ಅನ್ನಿಸಿಕೊಂಡರೂ ವರ್ಷಕ್ಕೆ 500 ಮಿಲಿಮೀಟರ್ ಹತ್ತಿರ ಮಳೆ ಬರುತ್ತದೆ. ಅಲ್ಲಿ ಅದರ ಅರ್ಧವೂ ಇಲ್ಲ. ಬರುವ ಮಳೆಯಲ್ಲಿ ಅರ್ಧದ ಹತ್ತಿರ ಜುಲೈನಿಂದ ಸೆಪ್ಟೆಂಬರ್‌ವರೆಗೆ. ಅದನ್ನು ಅಲ್ಲಿಯವರೂ ಮಾನ್ಸೂನ್ ಅಂತಲೇ ಕರೆಯುತ್ತಾರಂತೆ. ಚಳಿ ಮಾತ್ರ ನಮ್ಮ ಅಳತೆಗೆ ಸಿಗುವಂಥದ್ದಲ್ಲ. ನಾವು 14-15 ಡಿಗ್ರಿಗೆ ಮಂಕಿ ಕ್ಯಾಪ್ ಹುಡುಕುವ ಜನ. ಅಲ್ಲಿ ಜನವರಿ ರಾತ್ರಿಗಳಲ್ಲಿ ಮೈನಸ್ ಐದಾರು ಡಿಗ್ರಿ ಮಾಮೂಲಿ. 1971ರ ಜನವರಿಯಲ್ಲಿ ಒಂದು ದಿನ ಮೈನಸ್ 27ಕ್ಕೆ ಇಳಿದಿತ್ತು. ಇಂಥ ಕಡೆ ಪಾಮ್! ನನಗೆ ಇದು ಶೋಕಿ ಅನ್ನಿಸಿತು. ಹೇಳಿಯೂಬಿಟ್ಟೆ.

"ಇಲ್ಲ ಮಾಮ, ಚಳಿ ತಡೆಯೋ ಜಾತಿಗಳೇ ಬೇರೆ ಇದಾವೆ" ಅಂದ. ಆಮೇಲೆ ತಿಂಗಳುಗಟ್ಟಲೆ ಇದೇ ಪಾಠ. ನಾನು ಅಡಿಕೆ, ತೆಂಗು, ಈಚಲು, ತಾಳೆ, ಬಗನಿ ಇಷ್ಟರಲ್ಲೇ ಲೋಕದ ಪಾಮುಗಳೆಲ್ಲ ಮುಗಿದವು ಅಂದುಕೊಂಡಿದ್ದೆ. ಅಮೆರಿಕದ ಆಗ್ನೇಯ ರಾಜ್ಯಗಳ ಕಾಡಲ್ಲಿ ನೀಡಲ್ ಪಾಮ್ ಅಂತ ಒಂದಿದೆ, ಮೈತುಂಬ ಸೂಜಿಯಂಥ ಮುಳ್ಳು. ಚಳಿ ತಡೆಯುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ, ಬಲಿತ ಗಿಡ ಮೈನಸ್ 20 ಆದರೂ ತಾಳಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾ, ಅರಿಜೋನಾ ಮರುಭೂಮಿಯ ಒರತೆಗಳ ಸುತ್ತ ಬೆಳೆಯುವ ವಾಷಿಂಗ್ಟೋನಿಯಾ ಫಿಲಿಫೆರಾ ಇದೆ. ಹೆಸರು ಜಾರ್ಜ್ ವಾಷಿಂಗ್ಟನ್‌ನದು. ಹವೆ ಒಣಗಿದ್ದರೆ ಮೈನಸ್ ಹತ್ತರ ಆಸುಪಾಸು ತಡೆಯುತ್ತದೆ, ಅದಕ್ಕಿಂತ ಇಳಿದರೆ ಕಷ್ಟ. 2011ರ ಫೆಬ್ರವರಿಯ ಚಳಿಯಲ್ಲಿ ಟೆಕ್ಸಾಸ್‌ನ ಎಲ್ ಪಾಸೊ ಊರಿನ ಆಳೆತ್ತರದ ವಾಷಿಂಗ್ಟೋನಿಯಾಗಳೆಲ್ಲ ಕಂದು ತಿರುಗಿ ನಿಂತಿದ್ದವಂತೆ. ಆಫ್ಘಾನಿಸ್ತಾನ, ಬಲೂಚಿಸ್ತಾನದ ಕಲ್ಲುಗುಡ್ಡಗಳ ಮಝರಿ ಪಾಮ್ ಅಂತ ಇನ್ನೊಂದು. ನಮ್ಮ ದೇಶದಲ್ಲೇ, ಉತ್ತರಾಖಂಡದ ಪಿಥೋರಾಗಢದ ಕಡೆ, ಹಿಮ ಬೀಳುವ ಗುಡ್ಡದ ಮೇಲೆ ಟ್ರಾಕಿಕಾರ್ಪಸ್ ಟಾಕಿಲ್ ಅನ್ನೋ ಪಾಮ್ ಇದೆ ಅಂತ ನನಗೆ ತಿಳಿದದ್ದೇ ಆಗ. ಐವತ್ತು ವರ್ಷ ಅಡಿಕೆ ಮರದ ಕೆಳಗೇ ಓಡಾಡಿದವನಿಗೆ!

ಆ ಟಾಕಿಲ್‌ನ ದಾಯಾದಿ, ಚೀನಾದ ಟ್ರಾಕಿಕಾರ್ಪಸ್ ಫಾರ್ಚೂನಿ, ಅಳಿಯನ ಮುಖ್ಯ ಆಯ್ಕೆ. ಚೀನಾದ ಚಹಾ ಗಿಡಗಳನ್ನು ಗುಟ್ಟಾಗಿ ಭಾರತಕ್ಕೆ ಸಾಗಿಸಿದ ರಾಬರ್ಟ್ ಫಾರ್ಚೂನ್ ಇದ್ದನಲ್ಲ, ಅವನ ಹೆಸರೇ ಇದಕ್ಕೂ. ಕಾಂಡಕ್ಕೆ ಸುತ್ತಿಕೊಳ್ಳುವ ನಾರಿನಿಂದ ಚೀನಾದ ರೈತರು ಹಗ್ಗ, ಪೊರಕೆ, ಮಳೆಗೆ ಹೊದೆಯುವ ಗೊರಬಿನಂಥದ್ದು ಮಾಡಿಕೊಳ್ಳುತ್ತಿದ್ದರು. ಇಂಗ್ಲಿಷಿನಲ್ಲಿ ವಿಂಡ್‌ಮಿಲ್ ಪಾಮ್. "ವಿಂಡ್‌ಮಿಲ್ ಬೇಕಿದ್ರೆ ಅಷ್ಟು ದೂರ ಯಾಕೋ ಹೋದೆ, ಜೋಗಿಮಟ್ಟಿ ಗುಡ್ಡದ ತುಂಬ ಅವೇ ತಿರುಗ್ತಾ ಇದಾವಲ್ಲ" ಅಂತ ನಮ್ಮನೆಯಾಕೆ ಹಿಂದಿನಿಂದ ಕೂಗಿದಳು.

ಫಾರ್ಚೂನಿಯ ಬೀಜ ನೋಡೋಕೆ ಥೇಟ್ ಕಾಫಿ ಬೀಜ. ಬಣ್ಣ ಸ್ವಲ್ಪ ಕಪ್ಪು. ವಾಷಿಂಗ್ಟೋನಿಯಾದ್ದು ಮೆಣಸಿನಕಾಳಿನಷ್ಟು. ನೀಡಲ್ ಪಾಮಿನದು ಕಂದು ಬಣ್ಣದ ಉಂಡೆ. ಮೂರನ್ನೂ ಬೇರೆ ಬೇರೆ ಲೋಟದಲ್ಲಿ ನೆನೆಸಿಟ್ಟು ಮೂರು ದಿನ ನೀರು ಬದಲಿಸಿದ. ಬೀಜಕ್ಕೆ ಅಂಟಿದ ತಿರುಳೇನಾದರೂ ಉಳಿದರೆ ಬೂಸ್ಟು ಹಿಡಿಯುತ್ತದೆ, ಅದನ್ನೆಲ್ಲ ಹಳೆ ಬ್ರಷ್ಷಿನಿಂದ ತಿಕ್ಕಿದ. ಆಮೇಲೆ ಹಿಂಡಿದರೆ ಒಂದು ಹನಿ ಬರಬೇಕು, ಎರಡು ಬರಬಾರದು, ಅಷ್ಟೇ ಹಸಿಯಾದ ತೆಂಗಿನ ನಾರಿನ ಪುಡಿಯೊಳಗೆ ಬೀಜ ಬೆರೆಸಿ, ಜಿಪ್ ಕವರಿಗೆ ತುಂಬಿದ. ಕವರು ಫ್ರಿಜ್ಜಿನ ನೆತ್ತಿಯ ಮೇಲೆ. ಅಲ್ಲಿ ಹಗಲು ರಾತ್ರಿ ಬೆಚ್ಚಗಿರುತ್ತದೆ. ಕೊಕೊಪೀಟ್ ಪ್ಯಾಕೆಟ್ ಮೇಲೆ 'ಶ್ರೀಲಂಕಾ' ಅಂತಿತ್ತು. ನಮ್ಮ ಹೊಸದುರ್ಗದ ಕಾಯಿನಾರಲ್ಲ ಅಂತ ನನಗೆ ಸ್ವಲ್ಪ ಬೇಜಾರೇ ಆಯಿತು.

ವಾಷಿಂಗ್ಟೋನಿಯಾ ಹದಿನೈದು ದಿನಕ್ಕೇ ಮೊಳೆಯಿತು. ಅದಕ್ಕೆ ಬಿಸಿ ಇಷ್ಟ, 30 ಡಿಗ್ರಿ ಕೊಟ್ಟರೆ ಕುಣಿಯುತ್ತದೆ. ಫಾರ್ಚೂನಿ ಬಿಗುಮಾನದ್ದು. ಅದು ಬೆಟ್ಟದ ಗಿಡ, ತುಂಬ ಬಿಸಿ ಬೇಡ. ಫ್ರಿಜ್ ಮೇಲಿಂದ ಇಳಿಸಿ ಅಡುಗೆಮನೆ ಕಪಾಟಿನಲ್ಲಿಟ್ಟ. ಏಪ್ರಿಲ್ ಹೋಯಿತು, ಮೇ ಹೋಯಿತು. ಭಾನುವಾರ ಬಂತೆಂದರೆ ಕವರನ್ನು ಕ್ಯಾಮೆರಾ ಮುಂದೆ ಹಿಡಿದು ಟಾರ್ಚ್ ಬಿಡುವುದು, ನಾನು ಕನ್ನಡಕ ಹಾಕಿಕೊಂಡು ಇಣುಕುವುದು. ಜೂನ್ ಮಧ್ಯದಲ್ಲಿ ಒಂದು ದಿನ ಕವರಿನ ತಳದಲ್ಲಿ ಬಿಳಿ ಮೊಳೆಯಂಥದ್ದು ಕಂಡಿತು. ಅಕ್ಕಿಕಾಳಿಗಿಂತ ಉದ್ದ, ತುದಿ ಚೂಪು. ಬೀಜದ ಹೊಟ್ಟೆಯಿಂದ ಹೊರಟು ನೇರ ಕೆಳಗೆ ಮುಖ ಮಾಡಿತ್ತು.

"ಬೇರು ಬಂತು!" ಅಂದ.

ಅದು ಬೇರಲ್ಲ. ಇಲ್ಲಿ ನನಗೆ ಗೊತ್ತಿದ್ದುದು ಅವನಿಗೆ ಗೊತ್ತಿರಲಿಲ್ಲ, ಅದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡಿದೆ. ಅಡಿಕೆ, ತೆಂಗಿನಲ್ಲಿ ಮೊಳಕೆ ಬೀಜದ ಪಕ್ಕದಲ್ಲೇ ಮೇಲೇಳುತ್ತದೆ. ತಾಳೆ, ಈಚಲು ಹಾಗಲ್ಲ. ಬೀಜದಿಂದ ಒಂದು ಕೊಳವೆಯಂಥದ್ದು ಹೊರಟು ಮೊದಲು ಭೂಮಿಯೊಳಗೆ ಇಳಿಯುತ್ತದೆ. ಎಳೆ ಗಿಡ ಆ ಕೊಳವೆಯ ತುದಿಯಲ್ಲಿ ಕೂತಿರುತ್ತದೆ, ಬಾವಿಗೆ ಇಳಿಬಿಟ್ಟ ಬಿಂದಿಗೆ ಹಾಗೆ. ಆಳ ಸಿಕ್ಕಿದ ಮೇಲೆ ಅಲ್ಲಿಂದ ಬೇರು ಕೆಳಕ್ಕೆ, ಎಲೆ ಮೇಲಕ್ಕೆ. ಬೀಜದೊಳಗೆ ಉಳಿದ ತುದಿ ಊಟ ಹೀರಿ ಕೆಳಗೆ ಕಳಿಸುತ್ತಿರುತ್ತದೆ. ಮೊಳಕೆ ಬಂದ ತೆಂಗಿನಕಾಯಿ ಒಡೆದರೆ ಒಳಗೆ ಸ್ಪಂಜಿನಂಥ ಬಿಳಿ ಉಂಡೆ ಸಿಗುತ್ತದಲ್ಲ, ಹುಡುಗರು ಕಿತ್ತಾಡಿಕೊಂಡು ತಿನ್ನೋದು, ಅದೂ ಇದೇ ಹೀರುವ ಭಾಗವೇ. ಆಂಧ್ರದ ಕಡೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ತೇಗಲು ಅಂತ ಮಾರುತ್ತಿರುತ್ತಾರೆ. ಗೇಣುದ್ದದ ಬಿಳಿ ಕೋಲು, ಬೇಯಿಸಿದ್ದು, ಅಗಿದರೆ ಗೆಣಸಿನಂತೆ ಹಿಟ್ಟುಹಿಟ್ಟು. ತಾಳೆ ಬೀಜವನ್ನು ಮಣ್ಣಲ್ಲಿ ಹೂತಿಟ್ಟು, ಹೀಗೆ ಕೆಳಗಿಳಿದ ಮೊಳಕೆಯನ್ನು ಕಿತ್ತು ಮಾಡುವುದು ಅದು. ಚಿಕ್ಕಂದಿನಲ್ಲಿ ತಿಂದಿದ್ದು ಆವತ್ತು ಪಾಠಕ್ಕೆ ಬಂತು.

"ಅದಕ್ಕೇ ಹೇಳ್ತಿರೋದು, ಅಗಲದ ಕುಂಡ ಬೇಡ, ಆಳದ್ದು ನೋಡು" ಅಂದೆ. ಅವನು ಒಂದಡಿ ಉದ್ದದ ಪ್ಲಾಸ್ಟಿಕ್ ಪೈಪ್ ತುಂಡುಗಳನ್ನು ತಂದ. ಒಟ್ಟು ಇಪ್ಪತ್ತು ಫಾರ್ಚೂನಿ ಬೀಜದಲ್ಲಿ ಹನ್ನೊಂದು ಮೊಳೆತವು. ನೀಡಲ್ ಪಾಮ್ ಆ ವರ್ಷ ಏಳಲೇ ಇಲ್ಲ, ಮಾರನೇ ವರ್ಷ ಎರಡೇ ಎರಡು ಎದ್ದವು. ಎಲ್ಲದರ ಮೊದಲ ಎಲೆಯೂ ಹುಲ್ಲಿನಂತೆ. ಬೀಸಣಿಗೆ ಗರಿ ಕಾಣಬೇಕಾದರೆ ವರ್ಷಗಳೇ ಬೇಕು. ಅವನ ಪಕ್ಕದ ಮನೆಯವರು ಒಂದು ದಿನ "ಕುಂಡದಲ್ಲಿ ಯಾಕೆ ಹುಲ್ಲು ಬೆಳೆಸ್ತಾ ಇದೀಯ" ಅಂತ ಕೇಳಿದರಂತೆ.

ಎರಡು ಚಳಿಗಾಲ ಗಿಡಗಳು ಮನೆಯೊಳಗೇ ಕಿಟಕಿ ಪಕ್ಕ ಕಳೆದವು. 2023ರ ಮೇ ತಿಂಗಳಲ್ಲಿ ನೆಲಕ್ಕೆ ಇಳಿಸುವ ಹೊತ್ತು. ಗುಂಡಿ ತೋಡೋಕೆ ಹೋದರೆ ಎರಡಡಿಗೆ ಗಟ್ಟಿ ಬಿಳಿ ಪದರ ಸಿಕ್ಕಿತು. ನಮ್ಮಲ್ಲಿ ಸುಣ್ಣಕಲ್ಲು ಸಿಕ್ಕುವ ಹೊಲಗಳಿವೆಯಲ್ಲ, ಹಾಗೇ. ಒಡೆಯದೆ ನೆಟ್ಟರೆ ಗುಂಡಿಯೇ ಬಾನಿ ಆಗುತ್ತದೆ, ನೀರು ಇಳಿಯುವುದಿಲ್ಲ. ಹಾರೆ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಇಬ್ಬರಿಗೂ ನೆನಪಾಗಲಿಲ್ಲ. ಅಂಗಡಿಯಲ್ಲಿ ಕೈಸನ್ನೆ ಮಾಡಿ ತಂದ.

ಎಲ್ಲಿ ನೆಡಬೇಕು ಅನ್ನೋದಕ್ಕೆ ನಾನು ಕೋಟೆಯ ಉದಾಹರಣೆ ಕೊಟ್ಟೆ. ಏಪ್ರಿಲ್ ತಿಂಗಳಲ್ಲಿ ಸಂಜೆ ನಮ್ಮ ಏಳು ಸುತ್ತಿನ ಕೋಟೆಯ ಬಂಡೆಗೆ ಬೆನ್ನು ಕೊಟ್ಟು ಕೂತವರಿಗೆ ಗೊತ್ತು. ಸೂರ್ಯ ಮುಳುಗಿ ಗಂಟೆಯಾದರೂ ಕಲ್ಲು ಬಿಸಿ ಉಗುಳುತ್ತಲೇ ಇರುತ್ತದೆ. ಹಗಲು ಕುಡಿದ ಬಿಸಿಲನ್ನು ರಾತ್ರಿ ಕಕ್ಕುವುದು ಕಲ್ಲಿನ ಗುಣ. ಅಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿದ ಗೋಡೆ ಬುಡವೇ ಸರಿ. ಅವನ ಮನೆಯ ದಪ್ಪ ಮಣ್ಣುಗೋಡೆ ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಚೆನ್ನಾಗಿದ್ದ ಐದು ಫಾರ್ಚೂನಿಗಳನ್ನು ಅಲ್ಲಿ ನೆಟ್ಟ. ಇಲ್ಲಿಯವರೆಗೆ ನನ್ನ ಸಲಹೆಗಳೆಲ್ಲ ಸರಿ ಇದ್ದವು. ಅದೇ ಜಂಬದಲ್ಲಿ ಇನ್ನೊಂದು ಕೊಟ್ಟೆ.

ಅಕ್ಕ ಹೋಗುವಾಗ ಒಂದು ಚಳ್ಳಕೆರೆ ಕಂಬಳಿ ತಗೊಂಡು ಹೋಗಿದ್ದಳು. ಅಸಲಿ ಕುರಿ ಕಂಬಳಿ. ಅಲ್ಲಿ ಹೀಟರ್ ಇರೋ ಮನೆಯಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಡಿಸೆಂಬರ್ ಕೊನೆಗೆ ಮೈನಸ್ ಒಂಬತ್ತು ಆಗುತ್ತದೆ ಅಂತ ಅವನು ಗಾಬರಿಯಾದಾಗ "ಕಂಬಳಿ ಇದೆಯಲ್ಲೋ, ಹರಿದು ಸುತ್ತು. ಕುರುಬರು ಅದನ್ನ ಹೊದ್ದುಕೊಂಡು ಮಳೆಗೂ ಚಳಿಗೂ ಬಯಲಲ್ಲೇ ಮಲಗ್ತಾರೆ, ಗಿಡ ಮಲಗಲ್ವಾ" ಅಂದೆ. ನಕ್ಕೆವು. ಅವನು ಎರಡು ದೊಡ್ಡ ಗಿಡಗಳಿಗೆ ಸುತ್ತಿ, ಫೋಟೋ ಕಳಿಸಿದ. ಸಂತೆಗೆ ಬಂದ ಇಬ್ಬರು ಕುರುಬಜ್ಜಂದಿರು ಗೋಡೆಗೆ ಒರಗಿ ಕೂತ ಹಾಗಿತ್ತು. ಅಕ್ಕ ಅದನ್ನು ವಾಟ್ಸ್ಯಾಪಿನಲ್ಲಿ ಎಲ್ಲರಿಗೂ ಹಂಚಿದಳು.

ಹೊಸ ವರ್ಷದ ನಂತರ ಹಿಮ ಬಿತ್ತು. ಅಲ್ಲಿ ಹಿಮ ತುಂಬ ದಿನ ನಿಲ್ಲುವುದಿಲ್ಲ, ಮಧ್ಯಾಹ್ನದ ಬಿಸಿಲಿಗೆ ಕರಗುತ್ತದೆ. ಕರಗಿದ ನೀರು ಕಂಬಳಿಗೆ ಇಳಿಯಿತು. ಕಂಬಳಿ ಅದನ್ನು ಹಿಡಿದಿಟ್ಟುಕೊಂಡಿತು. ರಾತ್ರಿ ಹೆಪ್ಪುಗಟ್ಟಿತು, ಹಗಲು ಕರಗಿತು, ಮತ್ತೆ ಹೆಪ್ಪುಗಟ್ಟಿತು. ಮೂರು ವಾರ ಅವನು ಬಿಚ್ಚಲೇ ಇಲ್ಲ. ನಾನೂ ಬಿಚ್ಚು ಅನ್ನಲಿಲ್ಲ.

ಫೆಬ್ರವರಿಯಲ್ಲಿ ಫೋನ್ ಬಂತು. ವಿಡಿಯೊ ಆನ್ ಮಾಡಿ, ಎರಡು ಬೆರಳಿನಲ್ಲಿ ನಡುವಿನ ಎಳೆ ಗರಿಯನ್ನು ಹಿಡಿದು ಮೆಲ್ಲಗೆ ಎಳೆದ. ಬೆಣ್ಣೆಯಿಂದ ಕೂದಲು ಎಳೆದಷ್ಟು ಸಲೀಸಾಗಿ ಬಂತು. ಬುಡ ಕಂದು, ಲೋಳೆ ಲೋಳೆ.

"ಮಾಮ, ಸುಳಿ ಕೈಗೇ ಬಂತು."

"ಮೂಸಿ ನೋಡು."

ಮೂಸಿ ಮುಖ ಕಿವಿಚಿದ. ಅಷ್ಟು ಸಾಕಾಯಿತು. ಆ ವಾಸನೆ ನನಗೆ ಗೊತ್ತು. ಹುಳಿ ಹಿಡಿದ ಹಿಟ್ಟಿಗೆ ಸತ್ತ ಮೀನು ಬೆರೆಸಿದಂಥದ್ದು. ಮಳೆ ಜಾಸ್ತಿಯಾದ ವರ್ಷ ಅಡಿಕೆಗೆ ಸುಳಿಕೊಳೆ ಬಂದಾಗ ತೋಟದಲ್ಲಿ ಬರುವುದು ಇದೇ. ಪಾಮ್ ಜಾತಿಯ ಮರಕ್ಕೆ ಸುಳಿ ಒಂದೇ. ಮಾವು, ಬೇವಿಗಾದರೆ ಕೊಂಬೆ ಕಡಿದರೆ ಇನ್ನೊಂದು ಕಡೆ ಚಿಗುರುತ್ತದೆ. ಇವಕ್ಕೆ ಆ ಭಾಗ್ಯ ಇಲ್ಲ. ಚಳಿ ತಡೆಯುವ ಪಾಮು ಸಾಯುವುದೂ ಎಷ್ಟೋ ಸಲ ಬರೀ ಚಳಿಯಿಂದಲ್ಲ, ಸುಳಿಯಲ್ಲಿ ನಿಂತ ನೀರಿನಿಂದ. ಒಣ ಚಳಿಯಲ್ಲಿ ಬದುಕುವ ಗಿಡ ಒದ್ದೆ ಚಳಿಯಲ್ಲಿ ಕೊಳೆಯುತ್ತದೆ. ಮರುಭೂಮಿಯ ಒಣ ಹವೆಯೇ ಅವನ ಗಿಡಗಳಿಗಿದ್ದ ದೊಡ್ಡ ಅನುಕೂಲ. ನಾನು ಕಂಬಳಿ ಹೊದಿಸಿ ಅದಕ್ಕೆ ಮಲೆನಾಡು ತೋರಿಸಿದ್ದೆ.

ತಪ್ಪು ನನ್ನದು ಅಂತ ಒಪ್ಪಿಕೊಂಡೆ. ಆಮೇಲೆ ಮದ್ದಿನ ಮಾತು. ಅಡಿಕೆಯವರಿಗೆ ಕೊಳೆ ಅಂದರೆ ಬೋರ್ಡೋ, ಮೈಲುತುತ್ತ ಮತ್ತು ಸುಣ್ಣ. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆ ಕಟ್ಟಿದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲೇ ಅಡಿಕೆ ಕೊಳೆರೋಗದ ಬಗ್ಗೆ ಬರೆದಿದ್ದರು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಕಡೆ ಅದೇ ದ್ರಾವಣ ನಡೆದಿದೆ. ಅಳಿಯನ ಊರಲ್ಲಿ ತಾಮ್ರದ ಔಷಧಿ ಬಾಟಲಿಯಲ್ಲೇ ಸಿಕ್ಕಿತು. ಕೊಳೆತದ್ದನ್ನೆಲ್ಲ ಬಿಡಿಸಿ, ಸುಳಿಗೆ ಔಷಧಿ ಬಿಟ್ಟು, ಮೇಲೆ ನೀರು ಬೀಳದ ಹಾಗೆ ಪ್ಲಾಸ್ಟಿಕ್ ಡಬ್ಬ ಬೋರಲು ಹಾಕಿದ. ಒಂದು ಗಿಡ ಸತ್ತೇಹೋಯಿತು. ಇನ್ನೊಂದು ಏನೂ ಹೇಳದೆ ಹಾಗೇ ನಿಂತಿತ್ತು. ಕಂಬಳಿ ಸಾಲದೆ ಬಿಟ್ಟಿದ್ದ ಮೂರು ಚಿಕ್ಕ ಗಿಡಗಳು ಗರಿ ತುದಿ ಸುಟ್ಟುಕೊಂಡು ಬದುಕಿದ್ದವು. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆ ಬೇಸಿಗೆ, ಅಂದರೆ 2024ರದ್ದು, ನಮಗೂ ಸುಲಭದ್ದಾಗಿರಲಿಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಮಾರ್ಚಿಗೇ ನಮ್ಮ ಬೋರು ಗಾಳಿ ಉಗುಳತೊಡಗಿತು. ಇನ್ನೊಂದು ಕೊರೆಸಿದೆ, 780 ಅಡಿಗೆ ಹೋಗಿ ಬರೀ ಧೂಳು. ಹೊಳಲ್ಕೆರೆ, ಚನ್ನಗಿರಿ ಕಡೆ ರಸ್ತೆಯಲ್ಲಿ ನೀರಿನ ಟ್ಯಾಂಕರ್ ಬಿಟ್ಟರೆ ಬೇರೆ ಗಾಡಿ ಕಾಣದಷ್ಟಾಗಿತ್ತು. ಬೇಸಿಗೆಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 15-20 ಲೀಟರ್ ಬೇಕು. ಎರಡೆಕರೆಗೆ ಲೆಕ್ಕ ಹಾಕಿ ನೋಡಿ. ನಾನೂ ಟ್ಯಾಂಕರ್ ಹೊಡೆಸಿದೆ. ಮೂರು ದಿನಕ್ಕೊಮ್ಮೆ, ಆಮೇಲೆ ಐದು ದಿನಕ್ಕೊಮ್ಮೆ. ಭೀಮಸಮುದ್ರದ ಅಡಿಕೆ ಪೇಟೆಯಲ್ಲಿ ರಾಶಿ ಇಡಿ ಅಡಿಕೆಗೆ ಏನು ರೇಟು ನಡೀತಿದೆ ಅಂತ ಫೋನಲ್ಲಿ ನೋಡುವುದು, ಟ್ಯಾಂಕರಿನವನಿಗೆ ಫೋನ್ ಮಾಡುವುದು. ದಿನದ ಕೆಲಸವೇ ಇದು.

ಒಂದು ರಾತ್ರಿ ಪೈಪ್ ಹಿಡಿದು ತೋಟದಲ್ಲಿದ್ದಾಗ ಅಳಿಯನ ಫೋನ್. ಅವನಿಗೆ ಬೆಳಿಗ್ಗೆ. ಹಿಂದೆ ಟ್ಯಾಂಕರಿನ ಮೋಟಾರು ಗುರ್ ಅನ್ನುತ್ತಿತ್ತು. ನಾನು ಎಂದಿನ ಹಾಗೆ "ಏನಪ್ಪಾ, ಹಿಮದ ಊರಲ್ಲಿ ತೆಂಗಿನ ತೋಟ ಹೆಂಗಿದೆ" ಅಂತ ಕಿಚಾಯಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದ.

"ಮಾಮ, ಬೇಜಾರು ಮಾಡ್ಕೋಬೇಡ. ನಾನು ನಾಲ್ಕು ಗಿಡಕ್ಕೆ ವರ್ಷಕ್ಕೆ ಹತ್ತು ರಾತ್ರಿ ಒದ್ದಾಡ್ತೀನಿ. ನೀನು ಸಾವಿರ ಮರಕ್ಕೆ ನಾಲ್ಕು ತಿಂಗಳು ಟ್ಯಾಂಕರ್ ಹೊಡೀತಿದೀಯ. ನನ್ನದು ಶೋಕಿ ಅಂತೀಯ, ನಿಂದಕ್ಕೆ ಏನನ್ನಬೇಕು?"

ಬೈಯೋಣ ಅನ್ನಿಸಿತು. ಸಿಕ್ಕಿದ ಉತ್ತರಗಳೆಲ್ಲ ರೆಡಿ ಇದ್ದವು. ನಮ್ಮದು ಹೊಟ್ಟೆಪಾಡು, ಅಜ್ಜ ಹಾಕಿದ ತೋಟ, ರಾಗಿ ಜೋಳಕ್ಕೆ ಯಾರು ಬೆಲೆ ಕೊಡ್ತಾರೆ. ಒಂದೂ ಸುಳ್ಳಲ್ಲ. ಆದರೆ ಅಜ್ಜನ ಕಾಲದಲ್ಲಿ ತೋಟ ಇದ್ದಿದ್ದು ಕೆರೆ ಹಿಂದೆ, ಮುಕ್ಕಾಲು ಎಕರೆ. ಉಳಿದ ಒಂದೂಕಾಲು ಎಕರೆ ನಾನೇ ಏರಿಸಿದ್ದು, ರಾಗಿ ಹೊಲದಲ್ಲಿ, ಬೋರು ನಂಬಿ. ಅಡಿಕೆ ಮಳೆನಾಡಿನ ಮರ. ಅದರ ಸುಳಿಗೆ ಇಲ್ಲಿ ಚಳಿಯ ಭಯ ಇಲ್ಲ, ಬೇರಿಗೆ ನೀರಿನ ಭಯ. ಅವನು ಬೀಜದ ಜೊತೆ ಅದರ ಊರಿನ ಹವೆಯನ್ನೂ ಕೈಯಾರೆ ಮಾಡಿ ಕೊಡುತ್ತಿದ್ದ. ನಾನೂ ಅದನ್ನೇ ಮಾಡುತ್ತಿದ್ದೆ, ಟ್ಯಾಂಕರಿನಲ್ಲಿ. "ಆಮೇಲೆ ಮಾಡ್ತೀನಿ, ಪೈಪ್ ಬದಲಿಸಬೇಕು" ಅಂತ ಫೋನ್ ಇಟ್ಟೆ.

ನಮ್ಮ ತೋಟದ ಕೆಳಗೆ ಒಂದು ಹಳ್ಳವಿದೆ. ಅದರ ದಂಡೆಯಲ್ಲಿ ಏಳೆಂಟು ಈಚಲು ಮರಗಳು. ಯಾರೂ ನೆಟ್ಟಿದ್ದಲ್ಲ. ಆ ಬೇಸಿಗೆಯಲ್ಲಿ ಅಡಿಕೆ ಗರಿಗಳೆಲ್ಲ ಹಳದಿಯಾಗಿ ಜೋತಾಗ ಅವು ಮಾತ್ರ ಬೂದುಹಸಿರಾಗಿ ನಿಂತು, ಹಣ್ಣಿನ ಗೊಂಚಲು ಬಿಟ್ಟುಕೊಂಡಿದ್ದವು. ಒಂದು ಹನಿ ನೀರು ಕೊಟ್ಟವರಿಲ್ಲ. ಅವು ಹಳ್ಳದ ಅಡಿಯ ಪಸೆಯನ್ನು ತಾವೇ ಹುಡುಕಿಕೊಂಡಿದ್ದವು.

ಈಚಲನ್ನು ನಮ್ಮಲ್ಲಿ ಯಾರೂ ಮರ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೊರಕೆಗೆ, ಚಾಪೆಗೆ ಬೇಕು. ಮರ್ಯಾದೆ ಮಾತ್ರ ಬೇಡ. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅಂತಾರೆ ಅನ್ನೋ ಗಾದೆ ಯಾರಿಗೆ ಗೊತ್ತಿಲ್ಲ? ಅದರ ಹಣೆಬರಹದಲ್ಲಿ ರಾಜಕೀಯವೂ ಇದೆ. ಇಲ್ಲೇ ಹತ್ತಿರದ ತುರುವನೂರಿನಲ್ಲಿ 1939ರಲ್ಲಿ ನಿಜಲಿಂಗಪ್ಪನವರ ಮುಂದಾಳತನದಲ್ಲಿ ಅರಣ್ಯ ಸತ್ಯಾಗ್ರಹ ಆಯಿತಲ್ಲ, ಆಗ ಕೊಡಲಿ ಬಿದ್ದಿದ್ದು ಈಚಲು ಮರಗಳಿಗೇ. ಹೆಂಡದ ಮರ, ಸರ್ಕಾರಕ್ಕೆ ಅದರಿಂದ ಆದಾಯ, ಕಡಿದರೆ ಎರಡಕ್ಕೂ ಪೆಟ್ಟು. ಸತ್ಯಾಗ್ರಹದ ಬಗ್ಗೆ ನನಗೆ ಗೌರವವಿದೆ. ಮರದ ತಪ್ಪೇನಿತ್ತು ಅನ್ನೋದು ಬೇರೆ ಮಾತು.

ಈ ಮರಗಳ ಫೋಟೋ ತೆಗೆದು ಅಳಿಯನಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು. "ಮಾಮ! ಇದು ಸಿಲ್ವೆಸ್ಟರ್ ಪಾಮ್! ಇಲ್ಲಿ ಫ್ಲೋರಿಡಾದಲ್ಲಿ ದೊಡ್ಡ ಮರಕ್ಕೆ ಸಾವಿರಾರು ಡಾಲರ್." ನಂಬಿಕೆಯಾಗದೆ ನಾನೇ ಹುಡುಕಿದೆ. ನಿಜ. ಫೀನಿಕ್ಸ್ ಸಿಲ್ವೆಸ್ಟ್ರಿಸ್, ನಮ್ಮದೇ ಈಚಲು. ಕಾಂಡ ಹೆರೆದು ನಯ ಮಾಡಿ, ಬಂಗಲೆ, ಹೋಟೆಲುಗಳ ಮುಂದೆ ಸಾಲಾಗಿ ನಿಲ್ಲಿಸಿದ್ದಾರೆ. ಒಣ ಹವೆಯಲ್ಲಿ ಮೈನಸ್ ಏಳೆಂಟು ಡಿಗ್ರಿಯನ್ನೂ ತಡೆಯುತ್ತದಂತೆ. ಹುಟ್ಟಿದಾಗಿನಿಂದ ಒಂದು ಸಲವೂ ಸೊನ್ನೆ ಡಿಗ್ರಿ ನೋಡದ ಮರಕ್ಕೆ ಈ ತಾಕತ್ತು ಯಾಕೆ ಬೇಕಿತ್ತೋ! "ನಂಗೆ ಬೀಜ ಕಳಿಸು" ಅಂದ. ಬೀಜ ಹಾಗೆಲ್ಲ ಪೋಸ್ಟಿನಲ್ಲಿ ಗಡಿ ದಾಟಿಸುವ ಹಾಗಿಲ್ಲ, ರೋಗವಿಲ್ಲ ಅಂತ ಸರ್ಟಿಫಿಕೇಟ್ ಬೇಕು. ಕೊನೆಗೆ ಅವನು ಅಲ್ಲೇ ದುಡ್ಡು ಕೊಟ್ಟು ಹತ್ತು ಈಚಲು ಬೀಜ ತರಿಸಿಕೊಂಡ. ನಮ್ಮವ್ವನಿಗೆ ಇದನ್ನು ಹೇಳಿದಾಗ, ಹಲ್ಲಿಲ್ಲದ ಬಾಯಿ ಬಿಟ್ಟು ಎಷ್ಟು ನಕ್ಕಳೆಂದರೆ ನೀರು ಕುಡಿಸಬೇಕಾಯಿತು.

ನಾನೂ ಬಿತ್ತಿದೆ. ಜೂನ್ ಕೊನೆಗೆ ಉದುರಿದ ಹಣ್ಣು ಆಯ್ದು, ತಿರುಳು ತಿಂದು, ಅಂದರೆ ತಿನ್ನುವಷ್ಟು ತಿರುಳು ಅದರಲ್ಲಿ ಇರುವುದಿಲ್ಲ, ಚೀಪಿ, ಬೀಜ ತೊಳೆದೆ. ಒಂದು ಮಗ್ಗುಲಿಗೆ ಉದ್ದ ಸೀಳು, ಖರ್ಜೂರದ ಬೀಜದ ತಮ್ಮನ ಹಾಗೆ. ಸೀಳಿನ ಬೆನ್ನ ಕಡೆ ನಡುವಿನಲ್ಲಿ ಸಾಸಿವೆಯಷ್ಟು ಚುಕ್ಕೆ. ಮೊಳಕೆ ಬರುವುದು ಅಲ್ಲಿಂದ. ಅಳಿಯ ಕಲಿಸಿದ ಹಾಗೆ ಮೂರು ದಿನ ನೆನೆಸಿ, ಹಸಿ ನಾರಿನ ಪುಡಿಯಲ್ಲಿ ಬೆರೆಸಿ, ಕವರಿಗೆ ಹಾಕಿ, ನಮ್ಮ ಫ್ರಿಜ್ಜಿನ ಮೇಲಿಟ್ಟೆ. ಈ ಸಲ ಹೊಸದುರ್ಗದ ನಾರೇ. ಎಪ್ಪತ್ತು ದಿನಕ್ಕೆ ಮೊದಲನೆಯದು ಮೊಳೆಯಿತು. ಆಮೇಲೆ ದಡಬಡ ಎಲ್ಲವೂ. ಆ ಒಣ ಬೋರಿನ ಪೈಪನ್ನು ಒಂದೊಂದಡಿಗೆ ಕತ್ತರಿಸಿ ಮಹಡಿ ಮೇಲೆ ಸಾಲಾಗಿ ನಿಲ್ಲಿಸಿ ಮಣ್ಣು ತುಂಬಿದ್ದೇನೆ. 780 ಅಡಿ ಇಳಿದು ಬರಿಗೈಲಿ ಬಂದ ಪೈಪು, ಕೊನೆಗೂ ಒಂದು ಕೆಲಸಕ್ಕೆ ಬಂತು. ಮನೆಗೆ ಬಂದವರು ಕೇಳುತ್ತಾರೆ, ಏನು ಗಿಡ ಅಂತ. ಈಚಲು ಅಂದರೆ "ಅದನ್ನೂ ಬೀಜ ಹಾಕಿ ಬೆಳೆಸ್ತಾರಾ ಸಾರ್?" ಅಂತಾರೆ. ಹೌದು, ಇಪ್ಪತ್ತಾರು ಗಿಡ ಇದಾವೆ, ಬೇಕಾ ಅಂದರೆ ಒಬ್ಬರೂ ಬೇಕು ಅಂದಿಲ್ಲ.

ಅಂದಹಾಗೆ, ಸುಳಿ ಕಿತ್ತುಬಂದಿದ್ದ ಅವನ ಗಿಡ ಜುಲೈನಲ್ಲಿ ಒಂದು ಎಲೆ ಬಿಟ್ಟಿತು. ಮುದುಡಿಕೊಂಡು, ಅರ್ಧ ಕತ್ತರಿಸಿದಂತೆ, ಆದರೆ ಹಸಿರು. ಒಳಗಿನ ಮೊಗ್ಗು ಸತ್ತಿರಲಿಲ್ಲ.

ಮೊನ್ನೆ ಬೆಳಿಗ್ಗೆ ಒಂಬತ್ತೂವರೆಗೆ ಮಹಡಿ ಮೇಲೆ ಪೈಪುಗಳಿಗೆ ಚೊಂಬಿನಿಂದ ನೀರು ಹಾಕುತ್ತಿದ್ದೆ. ಅವನ ಫೋನ್ ಬಂತು. ಅಲ್ಲಿ ಹಿಂದಿನ ದಿನದ ರಾತ್ರಿ ಒಂಬತ್ತು. "ಇವತ್ತು ರಾತ್ರಿ ಮೈನಸ್ 11 ಮಾಮ." ಉಸಿರು ಬಿಟ್ಟಾಗಲೆಲ್ಲ ಪರದೆ ಮಂಜಾಗುತ್ತಿತ್ತು. ಕಂಬಳಿ ಎಲ್ಲಿ ಅಂದೆ. "ಅದನ್ನ ಒಗೆದು ಒಳಗಿಟ್ಟಿದೀನಿ, ಅದರ ಮಾತು ಎತ್ತಬೇಡ" ಅಂದ. ಗಿಡಗಳಿಗೆ ಹಳೇ ಕಾಲದ ಸೀರಿಯಲ್ ಸೆಟ್ ಸುತ್ತಿದ್ದಾನೆ. ಎಲ್ಇಡಿ ಆದರೆ ಬಿಸಿ ಬರುವುದಿಲ್ಲ, ಅದಕ್ಕೆ ಹುಡುಕಿ ಹುಡುಕಿ ಹಳೆಯದನ್ನೇ ತಂದದ್ದು. ಮೇಲೊಂದು ತೆಳು ಬಟ್ಟೆ, ಬೆಳಿಗ್ಗೆ ಬಿಸಿಲು ಬಂದ ಕೂಡಲೇ ತೆಗೆಯುವ ಹಾಗೆ.

"ಹಾಕ್ತೀನಿ ನೋಡು" ಅಂತ ಸ್ವಿಚ್ ಒತ್ತಿದ. ಕತ್ತಲಲ್ಲಿ ನಾಲ್ಕು ಗಿಡಗಳು ಕೆಂಪಗೆ, ಹಳದಿಗೆ ಹೊತ್ತಿಕೊಂಡವು, ಗಣಪತಿ ಪೆಂಡಾಲಿನ ಹಾಗೆ. ನನ್ನ ಕಡೆಯ ಬಿಸಿಲಿಗೆ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ. ಪಂಚೆಯ ಸೆರಗು ಮರೆ ಮಾಡಿಕೊಂಡು ಬಗ್ಗಿ ನೋಡಿದೆ.

"ಆ ಎಡಗಡೆಯದಕ್ಕೆ ಇನ್ನೊಂದು ಸುತ್ತು ಹಾಕೋ" ಅಂದೆ. "ಅದರ ಸುಳಿ ಇನ್ನೂ ಎಳೇದು."